ಒಂದು ನಿಮಿಷಕ್ಕೆ ಒಂದೇ ಎಮ್ಮೆ

ನಮ್ಮೂರು ಕೋಗಿಲಿನಲ್ಲಿ ಅವ್ವನಿಗೆ ಬೆಳಗಾಯಿತೆಂದರೆ ಹಿಂದಿನ ಬೀದಿಯ ಗೆಳತಿಯರ ಜಗಲಿಗೆ ಹೋಗಬೇಕು, ಬಿಸಿಲೇರುವವರೆಗೆ ಹರಟಬೇಕು. ನಾನು ಮಾತು ಕಲಿತದ್ದೇ ಆ ಹರಟೆಯ ಮಗ್ಗುಲಲ್ಲಿ ಕೂತು. ಹೋದ ಚಳಿಗಾಲದಲ್ಲಿ ಒಂದು ದಿನ ಅವಳು ದಾರಿ ತಪ್ಪಿದಳು. ಹಿಂದೆ ದ್ರಾಕ್ಷಿತೋಟವಿದ್ದ ಕಡೆ ಎದ್ದಿರುವ ಅಪಾರ್ಟ್‌ಮೆಂಟಿಗೆ ನುಗ್ಗಿ, ಅಲ್ಲಿನ ಸೆಕ್ಯೂರಿಟಿಯವನ ಹತ್ತಿರ ಅವನ ಮದುವೆ ವಿಚಾರ ವಿಚಾರಿಸುತ್ತಾ ಕೂತಿದ್ದಳು. ಅಣ್ಣ ಹೆದರಿಬಿಟ್ಟ.

"ಡಾಕ್ಟ್ರು ಪರ್ವಾಗಿಲ್ಲ ಅನ್ನೋಗಂಟ ಗೇಟ್‌ಗೆ ಬೀಗ ಕಣವ್ವ" ಎಂದ. ಅವ್ವ ಅವನೊಂದಿಗೆ ಮಾತು ಬಿಟ್ಟಳು.

ಹೆಬ್ಬಾಳದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದವನು ನಾನು. ಡಾಕ್ಟರಮ್ಮ ಧಾರವಾಡದ ಕಡೆಯವರು, ಚಿಕ್ಕ ವಯಸ್ಸು. ಗಡಿಯಾರ ನೋಡಿಕೊಂಡು, "ಅಜ್ಜಿ, ಒಂದ್ ನಿಮಿಷದಾಗ ಎಷ್ಟ್ ಆಗ್ತಾವೋ ಅಷ್ಟು ಪ್ರಾಣಿ ಹೆಸರು ಹೇಳ್ರಿ" ಎಂದರು.

"ಎಮ್ಮೆ" ಎಂದಳು ಅವ್ವ. ಮುಂದಕ್ಕೆ ಹೋಗಬೇಕಲ್ಲ? ಹೋಗಲಿಲ್ಲ. "ನಮ್ಮತ್ತೆ ಕೊಟ್ಟಿದ್ದು ಒಂದಿತ್ತು. ನಾನ್ ಕೂತ್ರೆ ಸುಮ್ಕೆ ಹಾಲ್ ಕರೆಸ್ಕಳದು, ನಮ್ ಯಜಮಾನ್ರು ಕೂತ್ರೆ ಒದೆಯದು. ನಿಮ್ಮನೇಲಿ ಇತ್ತೇನವ್ವ?"

"ಆಕಳ ಇತ್ರಿ. ಇನ್ನ ಬ್ಯಾರೆ ಹೇಳ್ರಿ."

"ಯಾರ್ ಕರೀತಿದ್ರು?"

"ನಮ್ಮಜ್ಜಿ. ಮಂಡಿನೋವು ಬಂತು, ಮಾರಿದ್ವಿ."

ನಿಮಿಷ ಮುಗಿಯಿತು. ನಾನು ಮೆಲ್ಲಗೆ, "ನಾಯಿ, ಬೆಕ್ಕು ಅನ್ನವ್ವ" ಎಂದೆ.

"ಸುಮ್ಕಿರೋ. ಅವ್ರಜ್ಜಿ ಮಂಡಿ ವಿಷ್ಯ ಮಾತಾಡ್ತಿದೀವಿ, ನಾಯಿ ಅಂತೆ ನಾಯಿ."

ಮುಂದಿನ ಪ್ರಶ್ನೆಗಳಲ್ಲಿ ಇವತ್ತು ಯಾವ ವಾರ ಅನ್ನುವುದು ತಪ್ಪಿತು, ಹಾಳೆಯ ಮೇಲೆ ಬರೆಸಿದ ಗಡಿಯಾರ ಸೊಟ್ಟಗಾಯಿತು. ಬೀಗ ಗಟ್ಟಿಯಾಯಿತು ಅಂದುಕೊಂಡೆ. ಎಲ್ಲ ಮುಗಿದು ಏಳುವಾಗ ಅವ್ವ ಡಾಕ್ಟರ ಕೈ ಹಿಡಿದುಕೊಂಡಳು. "ಅಜ್ಜಿಗೆ ಎಳ್ಳೆಣ್ಣೆ ಬಿಸಿ ಮಾಡಿ ಮಂಡಿಗೆ ತಿಕ್ಕು ಅನ್ನವ್ವ. ಆಕಳು ಮಾರಿದ್ ಸಂಕಟ ಎಣ್ಣೆಗ್ ಓಗಲ್ಲ, ಅದ್ಕೆ ನೀನೇ ಫೋನ್ ಮಾಡ್ಬೇಕು."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ನನಗೆ ಹೇಳಿದರು: "ನೆನಪು ಸೊರಗೇದ್ರಿ, ಸುಳ್ಳು ಹೇಳಂಗಿಲ್ಲ. ಆದ್ರ ಮಿದುಳಿನಾಗ ನೆನಪಿಗೊಂದು ಖೋಲಿ, ಮಂದಿ ಜೋಡಿ ಬೆರಿಯೋದಕ್ಕೊಂದು ಖೋಲಿ ಅಂತ ಗ್ವಾಡಿ ಕಟ್ಟಿರಂಗಿಲ್ಲ. ಭಾಳ ಕಡೆ ಎರಡೂ ಕೂಡೇ ಕೆಲಸ ಮಾಡ್ತಾವ. ಬರೇ ಹೆಸರು ಕೇಳಿದ್ರ ಸಿಗಲಿಲ್ಲ, ನಮ್ಮಜ್ಜಿ ಮಂಡಿ ಮಾತು ಮಾತ್ರ ನೆನಪುಳೀತು ನೋಡ್ರಿ. ಮಂದಿ ತಪ್ಪಿಸಿದ್ರ ಇದ್ದದ್ದೂ ಸೊರಗ್ತದ. ಅಜ್ಜಿ ಮಂದಿ ಕಡೆ ಹೋಗ್ಲಿ, ಆದ್ರ ಒಬ್ಬರನ್ನೇ ಬಿಡಬ್ಯಾಡ್ರಿ."

ಅಣ್ಣ ಬೀಗ ತೆಗೆದ. ಜೊತೆಗೆ ಹೋಗುವ ಕೆಲಸ, ಫ್ಯಾಕ್ಟರಿಯಿಂದ ರಿಟೈರಾಗಿ ಕೂತಿದ್ದ ನನ್ನ ಪಾಲಿಗೆ ಬಂತು. ಮೊದಲ ದಿನ ಜಗಲಿಯ ಮೇಲಿದ್ದ ಮುದುಕಿಯೊಬ್ಬಳು, "ಇದೇನಮ್ಮಿ, ಮಗನ್ನೂ ಕಟ್ಕಂಡ್ ಬಂದಿದ್ದೀಯ?" ಎಂದಳು.

ಅವ್ವ ಸೆರಗು ಸರಿಮಾಡಿಕೊಂಡು ನನ್ನ ಮುಂದೆ ಅವರೆಕಾಯಿ ಮೊರ ತಳ್ಳಿದಳು.

"ಇವನ್ಗೆ ಡಾಕ್ಟ್ರು ದಿನಾ ನಡೀಬೇಕು ಅಂದವ್ರೆ. ಒಬ್ಬನ್ನೇ ಬಿಡಬ್ಯಾಡಿ ಅಂತಾನೂ ಅಂದ್ರು. ಅದ್ಕೆ ನಾನೇ ಜತೇಗ್ ಬಂದೆ."

ಹೌದೆಂದು ತಲೆಯಾಡಿಸಿ ಕಾಯಿ ಸುಲಿಯಲು ಕೂತೆ.