ಇಲ್ಲದವರು ಕೈ ಎತ್ತಿ

ದರ್ಗಾದ ಉರುಸಿನ ದಿನಗಳಲ್ಲಿ ಕಲಬುರಗಿಯ ನಮ್ಮ ರೋಜಾ ಬಡಾವಣೆಯ ಗಲ್ಲಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಜನಜಂಗುಳಿಯ ನಡುವೆ ಹಾಲಿನ ಪಾತ್ರೆ ಹಿಡಿದು ಒಂದು ಹನಿಯೂ ಚೆಲ್ಲದೆ ಮನೆ ಸೇರುವವಳು ನಾನು. ಅಂಥವಳಿಗೆ ಎರಡನೇ ತರಗತಿಯ ಒಂದು ಕೋಣೆ ಮಕ್ಕಳನ್ನು ಕಂಡರೆ ಬಾಯಿ ಒಣಗುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಅಮ್ಮಿಯೂ ನಂಬಿರಲಿಲ್ಲ.

ಶಿಕ್ಷಕ ತರಬೇತಿಯ ಕೊನೆಯ ವರ್ಷ ನನ್ನನ್ನು ಪಾಠಾಭ್ಯಾಸಕ್ಕೆ ಕಮಲಾಪುರದ ಒಂದು ಸರ್ಕಾರಿ ಶಾಲೆಗೆ ಹಾಕಿದ್ದರು. ದಿನಾ ಬೆಳಿಗ್ಗೆ ಕಲಬುರಗಿಯಿಂದ ಹುಮನಾಬಾದ್ ಕಡೆಯ ಬಸ್ ಹತ್ತಬೇಕು. ಮೊದಲ ದಿನ ನಾನು ನಾಷ್ಟಾ ಬಿಟ್ಟು ಎದ್ದಾಗ ಅಮ್ಮಿ, "ಡರ್ ನಕ್ಕೊ ಬೇಟಾ, ಬಚ್ಚೇಚ್ ಹೈಂ ನಾ," ಅಂದಳು. ಹೆದರಬೇಡ, ಮಕ್ಕಳೇ ತಾನೇ, ಎಂದು. ಮಕ್ಕಳೇ ಎನ್ನುವುದೇ ನನ್ನ ಹೆದರಿಕೆ ಎಂದು ಅವಳಿಗೆ ಹೇಗೆ ತಿಳಿಸಲಿ? ದೊಡ್ಡವರಾದರೆ ಪಾಠ ಹಿಡಿಸದಿದ್ದರೂ ಮುಖ ನೋಡಿ ತಲೆ ಆಡಿಸುತ್ತಾರೆ. ಏಳು ವರ್ಷದ ಮಗು ಆಕಳಿಸುತ್ತದೆ.

ಕಾಲೇಜಿನಲ್ಲಿ ನಮಗೆ ಶಿಶುಕೇಂದ್ರಿತ ಶಿಕ್ಷಣದ ಬಗ್ಗೆ ಬಹಳ ಹೇಳಿದ್ದರು. ಪುಸ್ತಕದ ಚಿತ್ರದಲ್ಲಿ ವೃತ್ತದ ನಡುವೆ ಒಂದು ಮಗು, ಸುತ್ತಲೂ ಬಾಣಗಳು. ಪರೀಕ್ಷೆಯಲ್ಲಿ ನಾನದನ್ನು ಅಚ್ಚುಕಟ್ಟಾಗಿ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಆದರೆ ಕೇಂದ್ರದಲ್ಲಿರಬೇಕಾದ ಮಗು ಕೇಂದ್ರದಲ್ಲಿ ನಿಲ್ಲುವುದೇ ಇಲ್ಲ, ಕಿಟಕಿ ಹತ್ತುತ್ತದೆ, ಬೆಂಚಿನ ಕೆಳಗೆ ತೂರುತ್ತದೆ ಎಂಬುದನ್ನು ಆ ಬಾಣಗಳು ತೋರಿಸಿರಲಿಲ್ಲ.

ನನ್ನ ಧೈರ್ಯವೆಲ್ಲ ಕೋಣೆಯ ಹಿಂದಿನ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿತ್ತು. ಆ ತರಗತಿಯ ನಿಜವಾದ ಟೀಚರ್, ಸುವರ್ಣಾ ಟೀಚರ್. ಅವರು ಅಲ್ಲಿ ಸುಮ್ಮನೆ ಕೂತರೂ ಸಾಕು, ಗದ್ದಲ ಅರ್ಧ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಬಿಸಿಯೂಟ ಮುಗಿಯುವ ಹೊತ್ತಿಗೆ ಅವರು ಬಂದು, "ಹೆಡ್ ಮಾಸ್ತರ್ ಕರ್ಯಾಕತ್ತಾರ. ಒಂದ್ ತಾಸು ನೀನೇ ಸಂಭಾಳಿಸವಾ," ಎಂದು ಹೊರಟೇಬಿಟ್ಟರು.

ಅಂದು ಕಳೆಯುವ ಲೆಕ್ಕ. ಅದಕ್ಕೆಂದೇ ಒಂದು ಡಬ್ಬಿ ತೊಗರಿ ಕಾಳು ತಂದಿದ್ದೆ. ಬೆಳಿಗ್ಗೆ ಒಂದು ಪಾಠ ಆಗಿತ್ತು, ಈಗ ಮುಂದುವರಿಸಬೇಕು. ಮಕ್ಕಳೆಲ್ಲ ಕೂತ ಮೇಲೆ ತಲೆ ಎಣಿಸಿದೆ. ಒಂದು ಕಡಿಮೆ. ಮತ್ತೆ ಎಣಿಸಿದೆ, ಒಂದು ಹೆಚ್ಚಾಯಿತು. ಎಣಿಸುವಾಗಲೇ ಯಾರೋ ಜಾಗ ಬದಲಿಸಿದ್ದರು. ಎಲ್ಲರನ್ನೂ ಅಲ್ಲಾಡದಂತೆ ಕೂಡಿಸಿ ಮೂರನೆಯ ಸಲ ಎಣಿಸಿದಾಗ ಮತ್ತೆ ಒಂದು ಕಡಿಮೆ. ಆ ಗಾಬರಿಯಲ್ಲಿ ನಾನು ಗಟ್ಟಿಯಾಗಿ, "ಯಾರ್ಯಾರು ಇಲ್ಲ? ಇಲ್ಲದವರು ಕೈ ಎತ್ತಿ!" ಎಂದೆ.

ಹಿಂದಿನ ಸಾಲಿನ ಇಬ್ಬರು ಹುಡುಗರು ವಿಧೇಯರಾಗಿ ಕೈ ಎತ್ತಿದರು.

ಮುಂದೆ ಕೂತಿದ್ದ ಒಬ್ಬ ಹುಡುಗಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ಟೀಚರ್, ರೇಣುಕಾ ಇಲ್ರಿ. ಉಂಡು ಎಲ್ಲ್ಯೋ ಹೋಗ್ಯಾಳ್ರಿ," ಎಂದಳು.

ರೇಣುಕಾ ಹೆಚ್ಚು ಮಾತಾಡದ, ಎರಡು ಜಡೆಯ ಹುಡುಗಿ. ಶಾಲೆಯ ಗೇಟಿನಾಚೆ ಹೆದ್ದಾರಿ, ಲಾರಿಗಳ ಸದ್ದು ಕೋಣೆಯೊಳಗೂ ಕೇಳುತ್ತಿತ್ತು. ಅದುವರೆಗೆ ಆ ಸದ್ದಿನ ಕಡೆ ನನ್ನ ಗಮನ ಹೋಗಿರಲಿಲ್ಲ. ಈಗ ಬೇರೇನೂ ಕೇಳಿಸದಾಯಿತು. ಪಕ್ಕದ ಕೋಣೆಯ ಮಾಸ್ತರಿಗೆ ಮಕ್ಕಳನ್ನು ನೋಡಿಕೊಳ್ಳಿ ಎಂದು ಹೇಳಿ ಓಡಿದೆ. ಗೇಟಿನ ಬಳಿ ಇಲ್ಲ. ನೀರಿನ ಟ್ಯಾಂಕಿನ ಬಳಿ ಇಲ್ಲ, ಅದರ ಮುಚ್ಚಳ ಭದ್ರವಾಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದೆ. ಕಳೆಯುವ ಲೆಕ್ಕ ಕಲಿಸಬೇಕಾದವಳು ಮಗುವನ್ನೇ ಕಳೆದೆನೇ ಎಂಬ ಯೋಚನೆಯಲ್ಲೇ ಅಡುಗೆ ಕೋಣೆಯತ್ತ ಓಡಿದೆ.

ಅಡುಗೆ ಕೋಣೆಯ ಮುಂದೆ ಪಾತ್ರೆ ತೊಳೆಯುತ್ತಿದ್ದ ಶಾಂತಮ್ಮ ನನ್ನ ಮುಖ ನೋಡಿದವಳೇ, "ಯಾರನ್ನ ಹುಡುಕಾಕತ್ತೀರಿ? ರೇಣಕಿನೇನು? ಅಂಗನವಾಡ್ಯಾಗ ಅದಾಳ್ ನೋಡ್ರಿ. ಅಕಿ ತಮ್ಮ ಅಲ್ಲೇ ಇರ್ತಾನ," ಎಂದಳು.

ಅಂಗನವಾಡಿ ಶಾಲೆಯ ಕಾಂಪೌಂಡಿನೊಳಗೇ, ಮೂಲೆಯಲ್ಲಿತ್ತು. ಬಾಗಿಲಲ್ಲಿ ನಿಂತೆ. ಒಳಗೆ ನಾಲ್ಕಾರು ಪುಟ್ಟ ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಅವರ ಮುಂದೆ ರೇಣುಕಾ. ಹೆಗಲ ಮೇಲೆ ಯಾರದೋ ಟವೆಲನ್ನು ನನ್ನ ಓಢಣಿಯಂತೆ ಹಾಕಿಕೊಂಡು, ಅದರ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಪಾಠ ಮಾಡುತ್ತಿದ್ದಳು. ನಾನು ಹಾಗೆ ಮಾಡುತ್ತೇನೆಂದು ನನಗೆ ಅಂದೇ ಗೊತ್ತಾದದ್ದು. ಪ್ರತಿ ಮಾತಿಗೊಮ್ಮೆ "ತಿಳೀತಾ ಮಕ್ಕಳೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೋಣೆಯ ಹಿಂದಿನ ಮೂಲೆಯತ್ತ ಕಳ್ಳನೋಟ ಬೀರುತ್ತಿದ್ದಳು. ಅಲ್ಲಿ ಸುವರ್ಣಾ ಟೀಚರ್ ಕೂತಿರಲಿಲ್ಲ, ಯಾರೂ ಇರಲಿಲ್ಲ. ಪಾಠ ಮಾಡುವುದರಲ್ಲಿ ಹಿಂದೆ ನೋಡುವುದೂ ಸೇರಿದೆ ಎಂದು ಅವಳು ತಿಳಿದಿದ್ದಳು.

"ಐದು ಕಾಳು ಅದಾವ. ಎರಡು ತಗದ್ರ ಎಷ್ಟು ಉಳೀತು?"

ಬೆಳಿಗ್ಗೆ ನಾನು ಹಂಚಿದ್ದ ತೊಗರಿ ಕಾಳುಗಳಲ್ಲಿ ಎರಡನ್ನು ಅವಳು ಎತ್ತಿಕೊಂಡಳು. ಅವಳ ತಮ್ಮ ಅಷ್ಟರಲ್ಲಿ ಇನ್ನೊಂದನ್ನು ಬಾಯಿಗೆ ಹಾಕಿಕೊಂಡು, "ಎರಡು!" ಎಂದ. ಅವನ ಮುಂದೆ ಉಳಿದಿದ್ದೂ ಎರಡೇ. ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದವಳಿಗೆ ಬಾಗಿಲಲ್ಲಿ ನಾನು ಕಂಡೆ.

ಬೈಯಬೇಕೆಂದುಕೊಂಡೇ ಓಡಿ ಬಂದಿದ್ದೆ. ಮೊದಲು ಹೊಸ್ತಿಲ ಮೇಲೆ ಕೂತೆ. ಆಮೇಲೆ, "ಹೇಳದೆ ಎಲ್ಲೂ ಹೋಗಬಾರದು. ನಾನು ಅಂಜಿದೆ," ಎಂದಷ್ಟೇ ಹೇಳಲಾಯಿತು. ಟೀಚರೂ ಅಂಜುತ್ತಾರೆ ಎಂಬುದು ಅವಳಿಗೆ ಹೊಸ ಸುದ್ದಿ. ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು.

ಸಂಜೆ ಸುವರ್ಣಾ ಟೀಚರಿಗೆ ಎಲ್ಲ ಹೇಳಿ, ಇನ್ನು ನನ್ನನ್ನು ವಾಪಸ್ ಕಳಿಸುತ್ತಾರೆಂದು ಕಾದೆ. ಅವರು, "ನಾ ಇಷ್ಟು ವರ್ಷದಾಗ ಊಟ ಆದ ಮ್ಯಾಲ ಎಣಸೋದು ಬಿಟ್ಟಿಲ್ಲ. ನೀ ಎಣಸಿದೆಲ್ಲ, ಛಲೋ ಆತು. ನಾಳಿಂದ ಗೇಟಿಗಿ ಚಿಲಕ ನಾನೇ ಹಾಕಸ್ತೀನಿ," ಎಂದು ಚಹಾ ಮುಂದೆ ಸರಿಸಿದರು.

ಮರುದಿನ ಊಟ ಮುಗಿಸಿ ರೇಣುಕಾ ನನ್ನ ಬಳಿ ಬಂದಳು. ತೊಳೆದ ಕೈಯ ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಟೀಚರ್, ನನ್ ಕ್ಲಾಸ್ ಅದರಿ. ಹೋಗಿ ಬರ್ಲೇನ್ರಿ?"

"ಇವತ್ತೇನು ಕಲಸ್ತಿ?"

"ನೀವು ಮುಂಜಾನಿ ಕಲಸಿದ್ದೇ ರೀ." ದನಿ ತಗ್ಗಿಸಿದಳು. "ಖರೇ ಅದು ನನಗ ಅರ್ಧಾನೇ ತಿಳದದರಿ. ಇನ್ನೊಮ್ಮಿ ಹೇಳ್ರಿ. ಅವ್ರು ಕೇಳ್ತಾರ."

ವರಾಂಡದಲ್ಲೇ ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ಹೇಳಿಕೊಟ್ಟೆ. ಅವಳು ಒಂದು ಮಾತನ್ನೂ ಬಿಡದೆ ಕೇಳಿದಳು, ತಾನೇ ಮಾಡಿ ನೋಡಿದಳು, ಮತ್ತೆ ಕೇಳಿದಳು. ಏಳುವಾಗಲೂ ಅವಳ ಮುಖದಲ್ಲಿ ಸಣ್ಣದೊಂದು ಆತಂಕ ಉಳಿದಿತ್ತು. ನಾನದನ್ನು ಒರೆಸಿ ಹಾಕಲು ಹೋಗಲಿಲ್ಲ. ಪಾಠ ಮಾಡಲು ಹೊರಟವಳಿಗೆ ಅಷ್ಟಾದರೂ ಇರಲಿ.