ಹೊಳೆವ್ವನ ಕಂಪ್ಯೂಟರಿನ ಹತ್ತನೇ ದಿನ

ಧಾರವಾಡದ ಕೆಲಗೇರಿ ರಸ್ತೆಯಲ್ಲಿ ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ನಮ್ಮದೊಂದು ಸಣ್ಣ ಕೇಂದ್ರವಿದೆ. ಅಲ್ಲಿ ಕಲಿಸುವವಳು ಹೊಳೆವ್ವ. ಹುಬ್ಬಳ್ಳಿ ಹತ್ತಿರದ ಸುಳ್ಳ ಊರಿನವಳು. ಏಳನೇ ವಯಸ್ಸಿನಲ್ಲಿ ದಡಾರ ಬಂದು ಅವಳ ದೃಷ್ಟಿ ಹೋಯಿತು. ನಾನು ಕೇಂದ್ರದ ಕಚೇರಿ ಕೆಲಸ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷಗಳಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದೇವೆ, ಹಾಗಾಗಿ ಅವಳ ಕಂಪ್ಯೂಟರಿನ ದನಿ ನನಗೂ ಚೆನ್ನಾಗಿ ಗೊತ್ತು.

ಅದು ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶ. ಹೊಳೆವ್ವ ಅದನ್ನು ಎಷ್ಟು ವೇಗಕ್ಕೆ ಇಟ್ಟಿದ್ದಳೆಂದರೆ ಹೊಸಬರಿಗೆ ಹಂಚಿನ ಮೇಲೆ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಮೊದಮೊದಲು ಆ ದನಿಗೆ ನಮ್ಮ ಕನ್ನಡ ಬರುತ್ತಲೇ ಇರಲಿಲ್ಲ. "ಕ್ರಿ.ಶ." ಎಂದು ಬಂದರೆ ಎರಡು ಅಕ್ಷರ ಉಗುಳಿ ಮುಂದೆ ಓಡುತ್ತಿತ್ತು. ಇಂಗ್ಲಿಷಿನಲ್ಲಿ ಬರೆದ ಊರಿನ ಹೆಸರುಗಳಂತೂ ಗುರುತೇ ಸಿಗದಂತೆ ಹೊರಬರುತ್ತಿದ್ದವು. ಹೊಳೆವ್ವ ಬಿಡಲಿಲ್ಲ. ತಪ್ಪು ಕೇಳಿದಾಗಲೆಲ್ಲ ಪಾಠ ನಿಲ್ಲಿಸಿ, ಆ ಪದವನ್ನು ಹೇಗೆ ಹೇಳಬೇಕೆಂದು ತಂತ್ರಾಂಶದ ಪದಕೋಶದಲ್ಲಿ ಬರೆದಿಡುವಳು. ಹೀಗೆ ಬರೆದದ್ದು ಎರಡು ಸಾವಿರ ಪದಗಳನ್ನು ದಾಟಿತ್ತು. ಅದಲ್ಲದೆ ನೌಕರಿ ಪರೀಕ್ಷೆಗೆ ಓದುವವರಿಗಾಗಿ ಇತಿಹಾಸ, ಭೂಗೋಳ, ಸಂವಿಧಾನದ ನಲವತ್ತಾರು ಪಾಠಗಳನ್ನು ತಾನೇ ಟೈಪ್ ಮಾಡಿಟ್ಟಿದ್ದಳು. ಅವು ಬೇರೆಲ್ಲಿಯೂ ಇರಲಿಲ್ಲ.

ಕಳೆದ ವರ್ಷ ತಂಗಿಯ ಹೆರಿಗೆಗೆಂದು ಅವಳು ಸುಳ್ಳಕ್ಕೆ ಹೋಗಿದ್ದಾಗ, ಕೇಂದ್ರದ ಕಂಪ್ಯೂಟರುಗಳಿಗೆಲ್ಲ ಹೊಸ ವಿಂಡೋಸ್ ಹಾಕಬೇಕೆಂದು ಮೇಲಿನವರು ಹೇಳಿದರು. ಹಾಕಿದವನು ಅತುಲ. ವಾರಕ್ಕೆರಡು ಸಲ ಬಂದು ನಮ್ಮ ಯಂತ್ರಗಳನ್ನು ನೋಡಿ ಹೋಗುವ ತಂತ್ರಜ್ಞ. ಒಳ್ಳೆಯವನೇ, ಆದರೆ ಸದಾ ಗಡಿಬಿಡಿ.

ಊರಿಂದ ಮರಳಿದ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಳೆವ್ವ ಪೇಢೆಯ ಡಬ್ಬಿ ಹಿಡಿದು ಬಂದಳು. "ವಿದ್ಯಾ, ಹೆಣ್ಣ ಕೂಸು, ಅಗದೀ ಛಲೋ ಐತಿ!" ಎಂದು ನನಗೆ ಹೇಳುತ್ತ ಕುರ್ಚಿಗೆ ಕುಳಿತು ಯಂತ್ರ ಚಾಲು ಮಾಡಿದಳು. ಒಂದು ಗಂಡು ದನಿ, ಇಂಗ್ಲಿಷಿನಲ್ಲಿ, ನಿಧಾನವಾಗಿ ಸ್ವಾಗತ ಹೇಳಿತು.

ಅವಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು.

"ಇದ್ಯಾರ?" ಎಂದಳು. ಪಾಠಗಳ ಫೋಲ್ಡರು ಹುಡುಕಿದಳು. ಖಾಲಿ. ಪದಕೋಶ ತೆರೆದಳು. ಅದೂ ಖಾಲಿ.

ಪಕ್ಕದ ಯಂತ್ರದಲ್ಲಿದ್ದ ಅತುಲ ಎದ್ದು ಬಂದ. "ಡೆಸ್ಕ್‌ಟಾಪ್ ಮ್ಯಾಲಿಂದೆಲ್ಲಾ ಉಳಿಸೇನ್ರೀ ಮೇಡಮ್ಮರ. ವಿಂಡೋಸೂ ಓದೂ ತಂತ್ರಾಂಶಾನೂ ಹೊಸದಾಗಿ ಹಾಕಬೇಕಾತು, ಉಳದದ್ದು..."

"ಉಳದದ್ದು?"

ಅವನು ಬಗ್ಗಿ ಆ ಖಾಲಿ ಫೋಲ್ಡರನ್ನು ತಾನೂ ಒಮ್ಮೆ ತೆರೆದು ನೋಡಿದ.

"ಹನ್ನೊಂದು ಮಂದಿಗೆ ಇಪ್ಪತ್ತ ದಿನಕ್ಕ ಪರೀಕ್ಷಾ ಐತ್ರಿ," ಎಂದಳು ಹೊಳೆವ್ವ. ಮರುಕ್ಷಣವೇ ಫೋನ್ ತೆಗೆದು ಸಲ್ಮಾನನಿಗೆ ಹಚ್ಚಿದಳು. ಅವನು ಅವಳ ಹಳೆಯ ವಿದ್ಯಾರ್ಥಿ, ಅವನಿಗೂ ಕಣ್ಣು ಕಾಣುವುದಿಲ್ಲ. ಈಗ ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ಯಂತ್ರ ಕೈಕೊಟ್ಟವರಿಗೆ ಫೋನಿನಲ್ಲೇ ದಾರಿ ಹೇಳುವುದು ಅವನ ಕೆಲಸ.

ನಡೆದದ್ದನ್ನು ಕೇಳಿದ್ದೇ ಅವನ ದನಿ ಚುರುಕಾಯಿತು. ಹೊಳೆವ್ವ ಫೋನಿನ ಸ್ಪೀಕರ್ ಹಾಕಿದ್ದಳು.

"ಅಕ್ಕೋರ, ಮೊದಲ ಹೇಳ್ರಿ, ಡಿಸ್ಕ್ ಫಾರ್ಮ್ಯಾಟ್ ಮಾಡ್ಯಾರೇನು?"

"ಇಲ್ರಿ, ಹಳೇದರ ಮ್ಯಾಲೇ ಹಾಕೇನಿ," ಎಂದ ಅತುಲ.

"ಹಂಗಾದ್ರ ಹಳೇ ವಿಂಡೋಸ್ ಪೂರ್ತಿ ಹೋಗಿಲ್ಲ! 'ವಿಂಡೋಸ್ ಡಾಟ್ ಓಲ್ಡ್' ಅಂತ ಒಂದು ಫೋಲ್ಡರ್‌ನ್ಯಾಗ ತಗದು ಇಟ್ಟಿರತೈತಿ. ಆದ್ರ ಹತ್ತ ದಿನಾ ಅಷ್ಟ. ಆಮ್ಯಾಲ ತಾನಾ ಅಳಿಸಿ ಒಗಿತೈತಿ. ಹಾಕಿ ಎಷ್ಟ ದಿನಾ ಆತ್ರಿ?"

ನಾನು ಕ್ಯಾಲೆಂಡರಿನ ಹತ್ತಿರ ಓಡಿದೆ. ಬೆರಳಿಟ್ಟು ಎಣಿಸಿದೆ. "ಇವತ್ತಿಗೆ ಹತ್ತು!"

ಅತುಲ ಹಣೆ ಹಿಡಿದುಕೊಂಡ. "ಅಯ್ಯಯ್ಯೋ! ಜಾಗಾ ತುಂಬೇದ ಅಂತ ಪ್ರತಿಯೊಂದು ಯಂತ್ರದಾಗೂ ಅದನ್ನ ಈಗ ತಗಿಯಾಕತ್ತಿದ್ದೆ. ಮುಂದಿಂದು ಇವರದ ಇತ್ತು."

"ಯಾರೂ ಮೌಸ್ ಮುಟ್ಟಬ್ಯಾಡ್ರಿ," ಎಂದಳು ಹೊಳೆವ್ವ. "ನಾನ ಹುಡಕತೇನಿ."

ಆ ಮಂದ ಇಂಗ್ಲಿಷ್ ದನಿಯನ್ನೇ ನೆಚ್ಚಿಕೊಂಡು ಅವಳು ಹೊರಟಳು. ಬಾಣದ ಕೀಲಿಯನ್ನು ಒತ್ತುತ್ತ ಒಂದೊಂದೇ ಫೋಲ್ಡರಿನ ಹೆಸರು ಕೇಳಿಸಿಕೊಂಡಳು. "ವಿಂಡೋಸ್," ಎಂದಿತು ದನಿ. ಮತ್ತೊಮ್ಮೆ ಕೀಲಿ. "ವಿಂಡೋಸ್ ಡಾಟ್ ಓಲ್ಡ್."

"ಐತಿ!" ಎಂದು ನಾನೇ ಕೂಗಿಬಿಟ್ಟೆ.

ಒಳಗೆ ಹೋದಳು. ಅವಳ ಹೆಸರಿನ ಫೋಲ್ಡರು ಸಿಕ್ಕಿತು, ಆದರೆ ತೆರೆಯಲಿಲ್ಲ. ನೋಡಲು ನಿಮಗೆ ಅನುಮತಿ ಇಲ್ಲವೆಂದು ಯಂತ್ರ ಹೇಳಿತು.

"ನನ್ನ ಮನಿಗೆ ನಾ ಹೋಗಾಕ ಯಾರ ಅನುಮತಿ?" ಎಂದಳು.

"ಕಂಟಿನ್ಯೂ ಒತ್ತರಿ ಅಕ್ಕೋರ, ಬಿಡತೈತಿ," ಎಂದ ಸಲ್ಮಾನ. ಒತ್ತಿದಳು. ಬಿಟ್ಟಿತು. ಭೂಗೋಳ ಒಂದು, ಭೂಗೋಳ ಎರಡು, ಭೂಗೋಳ ಮೂರು... ಆ ಇಂಗ್ಲಿಷ್ ದನಿ ಕಡತಗಳ ಹೆಸರನ್ನು ಎಡವುತ್ತ ಓದುತ್ತಿದ್ದರೆ ಹೊಳೆವ್ವನ ಮುಖದಲ್ಲಿ ನಗು ಒಡೆಯಿತು. "ಬಂಗಾರದಂಥಾ ಹುಡುಗಾ, ಇನ್ನ ನೀ ಹೆಂಗರ ಓದು," ಎಂದಳು ಆ ದನಿಗೆ.

ಆದರೆ ಅವಳ ಹೆಸರಿನ ಇಡೀ ಫೋಲ್ಡರನ್ನು ನಕಲು ಮಾಡಲು ಹೋದರೆ ಜಾಗ ಸಾಲದೆಂದು ಯಂತ್ರ ತಡೆಯಿತು. ಅತುಲ ಹೊರಗೆ ಓಡಿದ. ಬೈಕಿನ ಕೀಲಿಗೊಂಚಲಿಗೆ ಕಟ್ಟಿದ್ದ ಪೆನ್‌ಡ್ರೈವ್ ಬಿಚ್ಚುತ್ತಲೇ ಮೆಟ್ಟಿಲು ಹತ್ತಿ ಬಂದು ತಾನೇ ಚುಚ್ಚಿದ. ನಲವತ್ತಾರು ಪಾಠಗಳೂ ಅದಕ್ಕೆ ಇಳಿದವು. ಎಣಿಸಿದೆವು, ಎರಡು ಸಲ.

ಉಳಿದದ್ದು ಪದಕೋಶ. ಅದು ಎಲ್ಲಿಯೂ ಕಾಣಲಿಲ್ಲ. ಹೊಳೆವ್ವ ಪ್ರತಿ ಫೋಲ್ಡರಿಗೂ ಹೋಗಿ ಬಂದಳು. ಗಂಟೆ ಹನ್ನೆರಡಾಗಿತ್ತು.

"ಹೋತು ಅನಸ್ತೈತಿ ಸಲ್ಮಾನಾ."

"ಇಲ್ರೀ ಅಕ್ಕೋರ! ಸೆಟ್ಟಿಂಗ್ಸ್ ಇರೋ ಫೋಲ್ಡರ್ ಮುಚ್ಚಿಟ್ಟಿರತೈತಿ, ಪಟ್ಟಿಯೊಳಗ ಬರೂದಿಲ್ಲ. ಹುಡಕಬ್ಯಾಡ್ರಿ, ಅದರ ವಿಳಾಸಾ ಟೈಪ್ ಮಾಡ್ರಿ. ನಾ ಒಂದೊಂದ ಅಕ್ಷರಾ ಹೇಳತೇನಿ."

ಅವನು ಹೇಳುತ್ತ ಹೋದ, ಅವಳು ಒತ್ತುತ್ತ ಹೋದಳು. ಕೊನೆಗೆ ಎಂಟರ್. ಒಂದು ಕ್ಷಣ ಏನೂ ಕೇಳಲಿಲ್ಲ. ಆಮೇಲೆ ದನಿ, ಯಾವ ಸಡಗರವೂ ಇಲ್ಲದೆ, ಅವಳ ತಂತ್ರಾಂಶದ ಹೆಸರು ಹೇಳಿತು.

ಹೊಳೆವ್ವ ಅದನ್ನು ಎತ್ತಿಕೊಂಡು ಹೊಸ ವಿಂಡೋಸಿನ ಅದೇ ಜಾಗಕ್ಕೆ ತಂದಿಟ್ಟಳು. ಚಿಕ್ಕ ಫೋಲ್ಡರು, ಇದ್ದಷ್ಟು ಜಾಗವೇ ಸಾಕಾಯಿತು. ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದಳು.

ಆಗ ಸಾಸಿವೆ ಸಿಡಿಯಿತು! ಅದೇ ವೇಗ, ಅದೇ ಕನ್ನಡ. ಅವಳು ಇತಿಹಾಸದ ಪಾಠವೊಂದನ್ನು ತೆರೆದಳು. "ಕ್ರಿಸ್ತಶಕ" ಎಂದು ಗಟ್ಟಿಯಾಗಿ ಓದಿತು ದನಿ. ಹೊಳೆವ್ವ ಎರಡೂ ಕೈಯಿಂದ ಮೇಜು ಬಡಿದಳು. "ಬಂತು! ವಿದ್ಯಾ, ಬಂತು! ಕೇಳಿದ್ಯೋ ಸಲ್ಮಾನಾ?"

"ಕೇಳಿದ್ನಿರೀ! ನಮ್ಮ ಅಂಗಡಿ ಮಂದಿ ಎಲ್ಲಾ ಕೇಳ್ಯಾರ!" ಎಂದು ಅವನು ಅಲ್ಲಿಂದ ನಗುತ್ತಿದ್ದ. ಅತುಲ ಕಣ್ಣೊರೆಸಿಕೊಂಡ. ಹೊಳೆವ್ವ ಪೇಢೆಯ ಡಬ್ಬಿಯನ್ನು ಅವನ ಕಡೆಗೆ ಸರಿಸಿದಳು. "ತಗೋರಿ. ಇನ್ನೊಮ್ಮೆ ನನ್ನ ಕೇಳದ ಕೈ ಹಚ್ಚಬ್ಯಾಡ್ರಿ, ಅಷ್ಟ."

ಎಲ್ಲವೂ ಸಿಕ್ಕಿತೆಂದಲ್ಲ. ಊರಿಗೆ ಹೋಗುವ ಅವಸರದಲ್ಲಿ ಉಳಿಸದೇ ಬಿಟ್ಟಿದ್ದ ಅರ್ಧ ಪಾಠ, ಪಂಚಾಯಿತಿಯ ಮೇಲಿನದು, ಹೋಗಿಯೇ ಹೋಯಿತು. ಅದನ್ನು ಆ ಸಂಜೆಯೇ ಮತ್ತೆ ಟೈಪ್ ಮಾಡಿದಳು. ಮೊದಲಿಗಿಂತ ಚೆನ್ನಾಗಿ ಬಂತು ಎಂದು ಅವಳ ಅಭಿಪ್ರಾಯ.

ಮರುದಿನ ತರಗತಿಯಲ್ಲಿ ಪಾಠ ಶುರುವಾಗಲಿಲ್ಲ. ಹೊಳೆವ್ವ ಹನ್ನೆರಡು ಯಂತ್ರಗಳಲ್ಲಿ ಒಂದೊಂದು ಫೋಲ್ಡರನ್ನು ಮುಚ್ಚಿಟ್ಟು, "ಹತ್ತ ನಿಮಿಷದಾಗ ಹುಡುಕ್ರಿ, ಬರೇ ಕಿವಿಲೆ," ಎಂದು ಸವಾಲು ಹಾಕಿದಳು. ಅತುಲನೂ ಹಿಂದಿನ ಸಾಲಿನಲ್ಲಿ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಕುಳಿತ. ಕೋಣೆಯ ತುಂಬ ಹನ್ನೆರಡು ದನಿಗಳ ಗದ್ದಲ. ನಾಲ್ಕನೇ ನಿಮಿಷಕ್ಕೆ ಮೂಲೆಯಿಂದ ತಸ್ಲೀಮಾ ಎಂಬ ವಿದ್ಯಾರ್ಥಿನಿ ಎದ್ದು ನಿಂತು ಕೈಯೆತ್ತಿದಳು. "ಅಕ್ಕೋರ, ಸಿಕ್ಕೈತ್ರೀ!" ಅತುಲ ಮಾತ್ರ ಇನ್ನೂ ತನ್ನ ಯಂತ್ರದ ಬಾಗಿಲಲ್ಲೇ ತಡಕಾಡುತ್ತಿದ್ದ.