ಮಕ್ಕಳ ಹೆಸರು ಕೂಗದ ಜವಾನ

ಚಿತ್ತಾಪುರ ಕೋರ್ಟಿನ ಜವಾನ ಹೆಸರು ಕೂಗಿದರೆ ಬೇವಿನ ಮರದ ಕಾಗೆಗಳೂ ಹಾಜರಾಗುತ್ತಿದ್ದವು. ಹೊರಗೆ ಟೈಪು ಕುಟ್ಟುತ್ತಿದ್ದ ನಾನು ಅವನನ್ನು ಅಣಕಿಸುತ್ತಿದ್ದೆ. ಬರುತ್ತಿದ್ದುದು ಮಾತ್ರ ಆಡಿನ ದನಿ.

"ಗಂಟಲಾ ಬೇಕಲೇ, ಗಂಟಲಾ!" ಎನ್ನುತ್ತಿದ್ದ.

ಒಂದು ದಿನ ರಾವೂರದ ಪುಟ್ಟ ಹುಡುಗಿಯೊಬ್ಬಳು, ಅಪ್ಪನ ಹತ್ತಿರ ಇರುವಳೋ ಅಜ್ಜನ ಹತ್ತಿರವೋ ಎಂದು ಜಡ್ಜರಿಗೆ ಹೇಳಬೇಕಿತ್ತು. ಜವಾನನ ಕೂಗಿಗೆ ಬೆದರಿ ನನ್ನ ಮೇಜಿನಡಿ ಸೇರಿದಳು. ವಕೀಲರಿಬ್ಬರೂ ಕರೆದರು, ಬರಲಿಲ್ಲ. ಜವಾನ ರುಮಾಲು ತೆಗೆದಿಟ್ಟು ನೆಲಕ್ಕೆ ಕೂತ.

"ನನ್ನಂಗ ಒದರೋ," ಎಂದ ನನಗೆ.

ಒದರಿದೆ; ಮತ್ತೆ ಆಡಿನ ದನಿಯೇ ಬಂತು. ಹುಡುಗಿ ನಗುತ್ತ ಹೊರಬಂದು, ಅವನ ಬೆರಳು ಹಿಡಿದು ಒಳಗೆ ಹೋಗಿ, "ಮುತ್ಯಾನ ಬಲ್ಲಿ ಇರ್ತೀನ್ರಿ," ಎಂದಳು.

ಆಮೇಲೆ ಜಡ್ಜರು, ವಕೀಲರು, ಚಹಾದವನೂ ಸೇರಿ, ಜವಾನ ಮಕ್ಕಳ ಹೆಸರು ಕೂಗಬಾರದೆಂದು ಗೊತ್ತುಮಾಡಿದರು. ಮಗು ಬಂದ ದಿನ ಜವಾನ ನನ್ನ ಮೇಜು ಬಡಿಯುತ್ತಿದ್ದ:

"ಇವತ್ತ ನನ್ನ ಗಂಟಲಾ ಬ್ಯಾಡ. ಏ ಆಡಿನ ಮರಿ, ನೀನೇ ಒದರು!"